ಮಂಗಳೂರಿನಿಂದ ಕಲ್ಲಿಕೋಟೆಗೆ ಕಾರಿನಲ್ಲಿ ಹೋಗುವಾಗ ಪದವಿನ ಹೂಗಳನ್ನು ಎಲ್ಲಿ, ಯಾವಾಗ ನೋಡಬೇಕು?

ಆಗಸ್ಟ್ ಕೊನೆಗೆ ಕಲ್ಲಿಕೋಟೆಯ ಮಲಬಾರ್ ಸಸ್ಯೋದ್ಯಾನ ನೋಡಲು ಕಾರಿನಲ್ಲಿ ಹೊರಟಿದ್ದೀರಿ. ದಾರಿಯಲ್ಲಿ ಕಾಡುಹೂಗಳಿಗೆ ಎಲ್ಲಿ ನಿಲ್ಲಬೇಕು, ಒಂದು ದಿನ ಸಾಕೇ ಎಂದು ಕೇಳಿದ್ದೀರಿ.

ಒಂದು ದಿನ ಸಾಲದು. ಮಂಗಳೂರಿನಿಂದ ಕಲ್ಲಿಕೋಟೆಗೆ ಸುಮಾರು 230 ಕಿ.ಮೀ. ಮೊದಲ ದಿನ ಹೂ ನೋಡಿ ಕಣ್ಣೂರಲ್ಲಿ ಉಳಿಯಿರಿ, ಉದ್ಯಾನ ಮರುದಿನಕ್ಕಿರಲಿ.

ನಮ್ಮ ಕಾಸರಗೋಡಿನ ಕಡೆ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಬಯಲು ಗುಡ್ಡಕ್ಕೆ ಪದವು ಎನ್ನುತ್ತೇವೆ. ಬೇಸಿಗೆಯಲ್ಲಿ ಸುಟ್ಟ ಹಂಚಿನಂತಿರುವ ಈ ಕಲ್ಲಿನ ಮೇಲೆ ಮಣ್ಣು ಇರುವುದು ಎರಡು-ಮೂರು ಬೆರಳಿನಷ್ಟು. ಮಳೆಗಾಲದಲ್ಲಿ ಅದರ ಮೇಲೆ ತೆಳುವಾಗಿ ನೀರು ನಿಲ್ಲುತ್ತದೆ. ಹೂವಿನ ಲೆಕ್ಕವೆಲ್ಲ ಆ ನೀರಿನದು, ಕ್ಯಾಲೆಂಡರಿನದಲ್ಲ. ವಾರಗಟ್ಟಲೆ ಬಿಡದೆ ಸುರಿದರೆ ಹೂ ಜಜ್ಜಿಹೋಗುತ್ತದೆ, ಹತ್ತು ದಿನ ಒಣ ಹವೆ ಬಂದರೆ ಬಾಡುತ್ತದೆ. ಎರಡು-ಮೂರು ದಿನ ಜಿಟಿಜಿಟಿ ಮಳೆ ಬಂದು ಹೊಳವಾದ ಬೆಳಿಗ್ಗೆಯೇ ಸರಿಯಾದ ಹೊತ್ತು.

ಕುಂಬಳೆಯ ಹತ್ತಿರ ಅನಂತಪುರ ಸರೋವರ ಕ್ಷೇತ್ರದ ಸುತ್ತ ಕಲ್ಲಿನ ಹಾಸು ಚೆನ್ನಾಗಿದೆ, ಅರ್ಧ ಗಂಟೆ ಸಾಕು. ನಿಜವಾದ ನೀಲಿ ಹೂಗಳ ಹರವು ಕಾಣಬೇಕಾದರೆ ಕಣ್ಣೂರು ಜಿಲ್ಲೆಯ ಮಾಡಾಯಿಪಾರ ಎಂಬ ಪದವಿಗೇ ಹೋಗಬೇಕು. ಪಯ್ಯನ್ನೂರು ದಾಟಿ ಪಿಲಾತ್ತರದಲ್ಲಿ ಹೆದ್ದಾರಿ ಬಿಟ್ಟು ಪಳಯಂಗಾಡಿ ರಸ್ತೆ ಹಿಡಿಯಿರಿ. ಅದೇ ರಸ್ತೆ ಮುಂದೆ ಪಾಪ್ಪಿನಿಶ್ಶೇರಿಯಲ್ಲಿ ಹೆದ್ದಾರಿಗೆ ಸೇರುವುದರಿಂದ ಹಿಂದಿರುಗಬೇಕಿಲ್ಲ.

ಅಲ್ಲಿನ ನೀಲಿಯನ್ನು ಮಲಯಾಳಿಗಳು ಕಾಕ್ಕಪ್ಪೂವು ಎನ್ನುತ್ತಾರೆ, ಯುಟ್ರಿಕುಲೇರಿಯಾ ರೆಟಿಕ್ಯುಲೇಟಾ. ನಿಂತು ನೋಡಿದರೆ ಬರೀ ಬಣ್ಣ. ಕುಕ್ಕರಗಾಲಲ್ಲಿ ಕೂತು ನೋಡಿ: ದಾರದಂಥ ದೇಟು ಹುಲ್ಲಿನ ಕಡ್ಡಿಗೆ ಸುತ್ತಿಕೊಂಡಿರುತ್ತದೆ, ಕೆಳದುಟಿಯ ಉಬ್ಬಿನ ಮೇಲೆ ಬಿಳಿ ಮಚ್ಚೆ, ಅದರ ಮೇಲೆ ಬಲೆಯಂತೆ ನೇರಳೆ ಗೆರೆ. ಬುಡದ ಒದ್ದೆ ಮಣ್ಣಿನಲ್ಲಿ ಈ ಗಿಡದ ಸಾಸಿವೆಗಿಂತ ಸಣ್ಣ ಚೀಲಗಳಿವೆ. ಹತ್ತಿರ ಬಂದ ಸೂಕ್ಷ್ಮಜೀವಿಯನ್ನು ಅವು ರೆಪ್ಪೆ ಬಡಿಯುವುದಕ್ಕಿಂತ ಬೇಗ ಒಳಗೆ ಎಳೆದುಕೊಳ್ಳುತ್ತವೆ. ಸಾರವಿಲ್ಲದ ಆ ಮಣ್ಣಿನಲ್ಲಿ ಸಾರಜನಕಕ್ಕೆ ಅದೇ ದಾರಿ. ಪಕ್ಕದಲ್ಲೇ ಬಿಳಿ ಗುಂಡಿಯಂಥ ಎರಿಯೋಕಾಲನ್ ಇರುತ್ತದೆ, ಹುಡುಕಿದರೆ ಅಂಟು ಹನಿ ಹೊತ್ತ ಡ್ರೊಸೆರಾವೂ ಸಿಗಬಹುದು.

ದಯವಿಟ್ಟು ಕೀಳಬೇಡಿ. ಕಾಕ್ಕಪ್ಪೂವಿಗೆ ಬೇರೇ ಇಲ್ಲ, ಎಳೆದರೆ ಗಿಡವೇ ಬರುತ್ತದೆ. ವರ್ಷಕ್ಕೊಮ್ಮೆ ಬೀಜದಿಂದಲೇ ಹುಟ್ಟುವ ಗಿಡವಾದ್ದರಿಂದ ಬೀಜ ಉದುರುವ ಮೊದಲೇ ಕಿತ್ತರೆ ಮುಂದಿನ ವರ್ಷಕ್ಕೆ ಅಷ್ಟು ಕಡಿಮೆ. ಮನೆಯ ಕುಂಡದಲ್ಲಿ ಗೊಬ್ಬರ ಬಿದ್ದರೆ ಸಾಯುತ್ತದೆ. ಕಾರನ್ನು ಡಾಂಬರಿನ ಮೇಲೆಯೇ ನಿಲ್ಲಿಸಿ. ಒಮ್ಮೆ ಚಕ್ರದ ಗೆರೆ ಬಿದ್ದರೆ ಅದೇ ಕಾಲುವೆಯಾಗಿ ನಿಂತ ನೀರು ಬಸಿದುಹೋಗುತ್ತದೆ, ಆ ಜಾಗ ಮತ್ತೆ ಸುಲಭಕ್ಕೆ ಅರಳುವುದಿಲ್ಲ.

ಕಪ್ಪಗೆ ಕಾಣುವ ಕಲ್ಲಿನ ಮೇಲೆ ಪಾಚಿ ಇರುತ್ತದೆ, ಯಾವ ಶೂ ಹಾಕಿದರೂ ಜಾರುತ್ತದೆ. ಒರಟಾದ ಕಂದು ಕಲ್ಲಿನ ಮೇಲೆಯೇ ಕಾಲಿಡಿ. ಮೋಡ ಗುಡುಗಿದರೆ ಬಯಲಿನಲ್ಲಿ ನಿಲ್ಲದೆ ಕಾರಿಗೆ ಬನ್ನಿ. ತಲುಪುವ ಕಾಲು ಗಂಟೆ ಮೊದಲೇ ಎಸಿ ಆರಿಸಿ ಕಿಟಕಿ ಇಳಿಸಿ. ಇಲ್ಲವಾದರೆ ಹೊರಗಿನ ತೇವಕ್ಕೆ ಲೆನ್ಸ್ ಮಂಜಾಗುತ್ತದೆ.

ಹೆದ್ದಾರಿಯ ಬಗ್ಗೆ: 2025ರ ಜುಲೈನಲ್ಲಿ ಚೆರುವತ್ತೂರಿನ ವೀರಮಲೆ ಗುಡ್ಡ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಕುಸಿದಿತ್ತು. ಜೋರು ಮಳೆಯಿದ್ದರೆ ಹೊರಡುವ ಮುನ್ನ ಸುದ್ದಿ ನೋಡಿ. ಕಾಸರಗೋಡಿನಿಂದ ಕಾಞಂಗಾಡಿಗೆ ಬೇಕಲದ ಮೇಲಿನ ರಸ್ತೆ ನನಗೆ ಹೆಚ್ಚು ಇಷ್ಟ. ಓಣಂ ವಾರವಾದರೆ ಪೇಟೆಗಳಲ್ಲಿ ಗಂಟೆಗಟ್ಟಲೆ ಸಿಕ್ಕಿಕೊಳ್ಳುತ್ತೀರಿ, ಸರಕಾರಿ ರಜೆಯೂ ಸಾಲಾಗಿರುತ್ತದೆ. ಉದ್ಯಾನಕ್ಕೆ ಮೊದಲೇ ಫೋನ್ ಮಾಡಿ.

ಕಲ್ಲಿಕೋಟೆಯ ಹತ್ತಿರ ಒಳವಣ್ಣದಲ್ಲಿರುವ ಆ ಉದ್ಯಾನದ ವೈಶಿಷ್ಟ್ಯ ನೀರಿನ ಗಿಡಗಳು. ರಾತ್ರಿ ಅರಳುವ ಕೆಂಪು, ಬಿಳಿ ನೈದಿಲೆಗಳು ಬಿಸಿಲೇರುತ್ತಿದ್ದಂತೆ ಮುಚ್ಚಿಕೊಳ್ಳುತ್ತವೆ, ನೀಲಿ ನೈದಿಲೆ ಆಗ ತೆರೆದುಕೊಳ್ಳುತ್ತದೆ. ಬಾಗಿಲು ತೆರೆದ ಕೂಡಲೇ ಒಳಗಿದ್ದರೆ ಎರಡೂ ಸಿಗುವ ಸಂಭವ ಹೆಚ್ಚು.