ಹಳೆಯ ಇಂಗ್ಲಿಷಿನ ಕಿಂಗ್, ಕ್ವೀನ್: ಆ ಸ್ಪೆಲ್ಲಿಂಗ್ ತಪ್ಪಾ?

ಪ್ರಶ್ನೆ: ನಾನು ಬಿ.ಎ. ವಿದ್ಯಾರ್ಥಿನಿ. ಸ್ಪೆನ್ಸರ್ ಕವಿಯ ‘ದಿ ಫೇರಿ ಕ್ವೀನ್’ ಹೆಸರಿನಲ್ಲಿ ಕ್ವೀನ್ ಪದದ ಕೊನೆಗೆ ಇನ್ನೊಂದು ‘ಇ’ ಇದೆ. ಇನ್ನೂ ಹಳೆಯ ಬರಹಗಳಲ್ಲಿ ಅದೇ ಪದ ‘ಸಿ-ಡಬ್ಲ್ಯು-ಇ-ಎನ್’. ಕಿಂಗ್ ಅಂತೂ ‘ಸಿ-ವೈ-ಎನ್-ಐ-ಎನ್-ಜಿ’. ಆಗಿನವರಿಗೆ ಸ್ಪೆಲ್ಲಿಂಗ್ ಸರಿಯಾಗಿ ಬರುತ್ತಿರಲಿಲ್ವಾ ಸರ್? ಟಿಪ್ಪು ಸುಲ್ತಾನರ ಹೆಸರನ್ನೂ ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ ಬೇರೆ ಥರ ಬರೆದಿದ್ದಾರೆ. ಯಾಕೆ?

ಉತ್ತರ: ಚೆನ್ನಾಗಿಯೇ ಬರುತ್ತಿತ್ತಮ್ಮ. ಅವರು ಬಾಯಲ್ಲಿ ಆಡಿದ್ದನ್ನೇ ಬರೆಯುತ್ತಿದ್ದರು. ಆಗ ರಾಣಿಗೆ ‘ಕ್ವೇನ್’ ಎನ್ನುತ್ತಿದ್ದರು, ‘ಕ್ವೀನ್’ ಅಲ್ಲ. ‘ಸಿ’ ಎಂದರೆ ಅವರಿಗೆ ಹೆಚ್ಚಾಗಿ ‘ಕ’. ಹಾಗಾಗಿ ‘ಸಿ-ಡಬ್ಲ್ಯು-ಇ-ಎನ್’ ಅವರ ಮಟ್ಟಿಗೆ ಪಕ್ಕಾ ಲೆಕ್ಕ. ಮೂಲ ಹಸ್ತಪ್ರತಿಯ ಫೋಟೊ ನೋಡಿದರೆ ಡಬ್ಲ್ಯು ಜಾಗದಲ್ಲಿ ‘ಪಿ’ ಥರದ ಒಂದು ಅಕ್ಷರ ಕಾಣಬಹುದು. ಅದರ ಹೆಸರು ವಿನ್. ಈಗಿನ ಮುದ್ರಣಗಳಲ್ಲಿ ಅದನ್ನು ಡಬ್ಲ್ಯು ಮಾಡಿರುತ್ತಾರೆ.

ರಾಜನಿಗೂ ಒಂದೇ ರೂಪ ಇರಲಿಲ್ಲ. 9ನೇ ಶತಮಾನದ ಕೊನೆಯಲ್ಲಿ ಆಲ್‌ಫ್ರೆಡ್ ರಾಜ ತನ್ನ ಬಿಷಪ್‌ಗಳಿಗೆ ಒಂದು ಲ್ಯಾಟಿನ್ ಗ್ರಂಥದ ಅನುವಾದ ಕಳಿಸಿದ. ವುಸ್ಟರ್ ಊರಿಗೆ ಹೋದ ಪ್ರತಿ ಈಗಲೂ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿದೆ. ಅದರ ಮುನ್ನುಡಿ ಶುರುವಾಗುವುದೇ ರಾಜನ ಹೆಸರು, ಬಿರುದಿನಿಂದ. ಆ ಬಿರುದು ‘ಕೆ’ಯಿಂದ ಇದೆ, ‘ಸಿ’ಯಿಂದಲ್ಲ! ರಾಜನ ಸ್ವಂತ ಕಾಗದದಲ್ಲೇ ಹೀಗೆ ಬರೆಯಬಹುದಿತ್ತು ಎಂದರೆ, ಅದನ್ನು ತಪ್ಪು ಎನ್ನುವವರು ಯಾರು?

ದೊಡ್ಡ ಬದಲಾವಣೆ ಬಂದಿದ್ದು 1066ರಲ್ಲಿ ಫ್ರಾನ್ಸಿನಿಂದ ಬಂದ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ. ಫ್ರೆಂಚ್ ರೂಢಿಯ ಲಿಪಿಕಾರರು ‘ಕ್ವ’ ಸದ್ದಿಗೆ ‘ಕ್ಯೂ-ಯು’ ಬರೆದರು. ‘ಸಿ’ ಆದ ಮೇಲೆ ‘ಐ’, ‘ಇ’, ‘ವೈ’ ಬಂದರೆ ಫ್ರೆಂಚರ ಬಾಯಲ್ಲಿ ಆ ‘ಸಿ’ ‘ಸ’ ಆಗುತ್ತಿತ್ತು. ಆ ಗೊಂದಲ ಬೇಡ ಅಂತ ಕಿಂಗ್‌ಗೆ ‘ಕೆ’ ಗಟ್ಟಿಯಾಯಿತು. ಪದ ಹಳೆಯದೇ, ಅದನ್ನು ಬರೆಯುವ ಕೈ ಬದಲಾಯಿತು ಅಷ್ಟೇ.

ಆಮೇಲಿನ ಬರಹಗಳಲ್ಲಿ ಕಿಂಗ್ ‘ಕೆ-ವೈ-ಎನ್-ಜಿ’ ಎಂದೂ ಕಾಣುತ್ತದೆ. ಇದು ನನಗೆ ತುಂಬಾ ಇಷ್ಟ. ಆ ಕಾಲದ ದಪ್ಪ ಕೈಬರಹದಲ್ಲಿ ‘ಐ’ ಎಂದರೆ ಒಂದು ಪುಟ್ಟ ಗೀಟು, ‘ಎನ್’ ಎಂದರೆ ಎರಡು, ‘ಎಂ’ ಎಂದರೆ ಮೂರು. ‘ಐ’ ಪಕ್ಕ ‘ಎನ್’ ಬಂದರೆ ಮೂರು ಗೀಟು ಸಾಲಾಗಿ ನಿಂತು ‘ಎಂ’ ಥರ ಕಾಣುತ್ತಿದ್ದವು. ‘ವೈ’ಗಾದರೆ ಕೆಳಗೆ ಬಾಲ ಇದೆ, ಕಣ್ಣಿಗೆ ತಕ್ಷಣ ಸಿಗುತ್ತದೆ. ಓದುವವರಿಗೆ ಕಷ್ಟ ಆಗಬಾರದು ಅಂತ ಮಾಡಿಕೊಂಡ ಏರ್ಪಾಡು ಇದು.

ಸ್ಪೆನ್ಸರ್‌ನ ಕೊನೆಯ ‘ಇ’ಗೆ ಬರೋಣ. ಚಾಸರ್ ಕವಿಯ ಕಾಲದಲ್ಲಿ, ಅಂದರೆ 14ನೇ ಶತಮಾನದಲ್ಲಿ, ಅಂಥ ‘ಇ’ಯನ್ನು ಪದ್ಯದಲ್ಲಿ ಉಚ್ಚರಿಸುತ್ತಿದ್ದರು. ಆಮೇಲೆ ಬಾಯಲ್ಲಿ ಅದು ಬಿದ್ದುಹೋಯಿತು, ಬರವಣಿಗೆಯಲ್ಲಿ ಉಳಿಯಿತು. 1476ರಲ್ಲಿ ಕ್ಯಾಕ್ಸ್‌ಟನ್ ಇಂಗ್ಲೆಂಡಿನಲ್ಲಿ ಅಚ್ಚುಕೂಟ ತೆರೆದ ಮೇಲೂ ಎಷ್ಟೋ ಪದಗಳಿಗೆ ಆ ಬಾಲ ಹಾಗೇ ಇತ್ತು. 1590ರಲ್ಲಿ ಸ್ಪೆನ್ಸರ್ ಪುಸ್ತಕ ಬಂದಾಗ ಅದು ಸುಮ್ನೆ ಕೂತ ಅಕ್ಷರ. ನಡುವಿನ ಜೋಡಿ ‘ಇ’ ಮೊದಲು ‘ಏ’ ಎಂಬ ದೀರ್ಘ ಸದ್ದಿಗಾಗಿ ಬಂದದ್ದು. ಕಾಲಕ್ರಮದಲ್ಲಿ ಇಂಗ್ಲಿಷಿನ ದೀರ್ಘ ಸ್ವರಗಳೆಲ್ಲ ಜಾಗ ಬದಲಿಸಿದವು, ‘ಏ’ ಹೋಗಿ ‘ಈ’ ಆಯಿತು. ಸ್ಪೆಲ್ಲಿಂಗ್ ಮಾತ್ರ ಕದಲಲಿಲ್ಲ.

ನಿಜವಾಗಿ ತಪ್ಪಿನಿಂದ ಹುಟ್ಟಿದ ಸ್ಪೆಲ್ಲಿಂಗ್ ಬೇಕೆಂದರೆ ಆಳುವ ದೊರೆ ಎಂಬ ಅರ್ಥದ ‘ಸಾವರಿನ್’ ಪದ ನೋಡಿ. ಫ್ರೆಂಚ್ ಮೂಲದಲ್ಲಿ ‘ಜಿ’ ಇರಲೇ ಇಲ್ಲ. ಆಳ್ವಿಕೆ ಎಂಬ ಅರ್ಥದ ‘ರೇನ್’ ಪದದ ಜೊತೆ ಸಂಬಂಧ ಕಟ್ಟಿ ಯಾರೋ ತುರುಕಿದರು. ಮಿಲ್ಟನ್ ಕವಿ ‘ಜಿ’ ಇಲ್ಲದೆಯೇ ಬರೆದ. ಈಗ ನಾವು ಸರಿ ಅಂದುಕೊಂಡಿರುವುದು ಆ ತಪ್ಪನ್ನೇ!

ಟಿಪ್ಪು ವಿಷಯದಲ್ಲೂ ಕಿವಿಯೇ ಆಧಾರ. 1800ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅಲೆಕ್ಸಾಂಡರ್ ಬೀಟ್ಸನ್‌ನ ಯುದ್ಧ ವರದಿಯಲ್ಲಿ ಹೆಸರಿಗೆ ಎರಡು ‘ಪಿ’, ಎರಡು ‘ಒ’. ಸುಲ್ತಾನ್‌ನ ‘ತಾ’ಗೆ ‘ಟಿ-ಎ-ಯು’. ಇಂಗ್ಲಿಷರ ಕಿವಿಗೆ ‘ಉ’ ಎಂದರೆ ಜೋಡಿ ‘ಒ’. ಎರಡು ‘ಪಿ’ ಇರುವುದರಿಂದ ಅದು ಈಗಿನ ಸ್ಪೆಲ್ಲಿಂಗ್‌ಗಿಂತ ನಮ್ಮ ‘ಟಿಪ್ಪು’ಗೆ ಜಾಸ್ತಿ ಹತ್ತಿರ, ಅಲ್ವಾ? ನವಾಬ ಮಾತ್ರ ಪೋರ್ಚುಗೀಸರ ಬಾಯಿ ಹಾದು ಬಂದು ‘ನೇಬಾಬ್’ ಆದ. ಡಿಜಿಟಲ್ ಗ್ರಂಥಾಲಯಗಳಲ್ಲಿ ಮೈಸೂರಿನ ಹಳೆಯ ದಾಖಲೆ ಹುಡುಕುವಾಗ ಈ ಹಳೆಯ ರೂಪಗಳನ್ನೂ ಟೈಪ್ ಮಾಡಿ. ಈಗಿನ ಸ್ಪೆಲ್ಲಿಂಗ್ ಒಂದನ್ನೇ ಹಾಕಿದರೆ ಎಷ್ಟೋ ಪುಸ್ತಕಗಳು ಸಿಗುವುದಿಲ್ಲ.