ಅಜ್ಜನ ಕಾಲದ ಚಿಗರಿ ಕೊಂಬು: ಮೊದಲು ಕಾಗದ ಹುಡುಕಿ

ತೊಡಕಿರುವುದು ಕೊಂಬಿನ ವಯಸ್ಸಿನಲ್ಲಲ್ಲ, ಕಾಗದದಲ್ಲಿ. ಸಂಡೂರಿನ ಹಳೇ ಮನೆ ಪಡಸಾಲೆಯಲ್ಲಿ ಅಜ್ಜ ಬೇಟೆಯಾಡಿದ ಚಿಗರಿ ಕೊಂಬಿದೆ, ಮಾರಬಹುದಾ ಅಂತ ಕೇಳಿದ್ದೀರಿ. ಮಾರೋ ಹಾಗಿಲ್ಲ. ಅಜ್ಜ ಲೈಸೆನ್ಸ್ ಇಟ್ಟುಕೊಂಡೇ ಹೊಡೆದಿರಬಹುದು. ಆದರೆ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಚಿಗರಿ, ಅಂದರೆ ಕೃಷ್ಣಮೃಗ, ಮೊದಲನೇ ಅನುಸೂಚಿಯಲ್ಲಿದೆ, ಅಂದರೆ ಅತಿ ಹೆಚ್ಚು ರಕ್ಷಣೆ ಇರುವ ಪ್ರಾಣಿಗಳ ಪಟ್ಟಿಯಲ್ಲಿ.

ಮೊದಲು ಟ್ರಂಕು, ಪೆಟ್ಟಿಗೆ ಎಲ್ಲ ತೆಗೆದು ಮಾಲೀಕತ್ವದ ಪ್ರಮಾಣಪತ್ರ, ಅಂದರೆ ಕೊಂಬು ಇಟ್ಟುಕೊಳ್ಳಲು ಈ ಕಾಯ್ದೆಯಡಿ ಕೊಟ್ಟ ಪತ್ರ, ಹುಡುಕಿ. ನಮ್ಮ ಮಾವನ ಮನೆಯಲ್ಲಿ ಅದು ಹಳೇ ಪಹಣಿ ಕಟ್ಟಿನೊಳಗೆ ಸಿಕ್ಕಿತು, ಅಂಚನ್ನು ಗೆದ್ದಲು ತಿಂದಿತ್ತು. ಅಷ್ಟರಲ್ಲಿ ಕೊಂಬನ್ನು ಯಾರಿಗೂ ಕೊಡಬೇಡಿ, ಸುಮ್ನೆ ವಾಟ್ಸಾಪ್‌ನಲ್ಲಿ ಫೋಟೋನೂ ಹಾಕಬೇಡಿ.

ಪತ್ರ ಸಿಕ್ಕರೆ, ಕೊಂಬು ವಾರಸಾಗಿ ನಿಮಗೆ ಬಂದ 90 ದಿನದೊಳಗೆ ಮುಖ್ಯ ವನ್ಯಜೀವಿ ಪರಿಪಾಲಕರಿಗೆ (ರಾಜ್ಯದ ಚೀಫ್ ವೈಲ್ಡ್‌ಲೈಫ್ ವಾರ್ಡನ್) ಘೋಷಣೆ ಕೊಡಬೇಕು. ಇಟ್ಟುಕೊಳ್ಳೋದು ಬೇಡ ಅನ್ನಿಸಿದರೆ ಅವರಿಗೇ ನೋಟಿಸ್ ಕೊಟ್ಟು ಒಪ್ಪಿಸಬಹುದು. 2022ರ ತಿದ್ದುಪಡಿಯಲ್ಲಿ ಈ ದಾರಿ ಇದೆ, ಪರಿಹಾರ ಮಾತ್ರ ಸಿಗಲ್ಲ. ಸ್ವೀಕೃತಿ ಬರೆಸಿಕೊಳ್ಳದೆ ಎದ್ದು ಬರಬೇಡಿ.

ಪತ್ರ ಸಿಗದಿದ್ದರೆ ಕಷ್ಟ ಜಾಸ್ತಿ. ಪತ್ರವಿಲ್ಲದೆ ಇಂಥವನ್ನು ಇಟ್ಟುಕೊಂಡವರಿಗೆ 2003ರಲ್ಲಿ ಘೋಷಣೆಗೆ 180 ದಿನ ಕೊಟ್ಟಿದ್ದರು, ಅದು ಎಂದೋ ಮುಗಿದಿದೆ. ಕೇಸ್ ಆಗುತ್ತೋ ಇಲ್ಲವೋ ಖಚಿತವಾಗಿ ಹೇಳಲಾರೆ. ಹಾಗಾಗಿ ಕೊಂಬು ಹೊತ್ತುಕೊಂಡು ನೇರ ಬಳ್ಳಾರಿ ಅರಣ್ಯ ಕಚೇರಿಗೆ ಹೋಗಬೇಡಿ. ಮೊದಲು ವಕೀಲರನ್ನು ಕಂಡು ಅರ್ಜಿ ಬರೆಸಿ.