ಪುಲ್ಮನ್‌ನ ಸಾಲುಮನೆಗಳಲ್ಲಿ ಅಂಥದ್ದೇನಿದೆ?

ಪ್ರಶ್ನೆ: ಶಿಕಾಗೋದಲ್ಲಿರುವ ನನ್ನ ಮಗಳು ಪುಲ್ಮನ್ ಅನ್ನೋ ಬಡಾವಣೆಯ ಫೋಟೋ ಕಳಿಸಿದ್ದಳು. ಒಂದಕ್ಕೊಂದು ಅಂಟಿಕೊಂಡ ಕೆಂಪು ಇಟ್ಟಿಗೆ ಮನೆಗಳು. ಅದು ರಾಷ್ಟ್ರೀಯ ಐತಿಹಾಸಿಕ ಉದ್ಯಾನವಂತೆ. ಕಾರ್ಖಾನೆ ಮಾಲೀಕ ಕೆಲಸಗಾರರಿಗೆ ಕಟ್ಟಿಸಿದ್ದು ಅಂದಮೇಲೆ ಅಗ್ಗದ ಕೆಲಸವೇ ಅಲ್ವಾ?

ಉತ್ತರ: ಅಗ್ಗ ಹೌದು, ಆದ್ರೆ ಬೇಕಾಬಿಟ್ಟಿ ಅಲ್ಲ. ರೈಲಿನ ಮಲಗುವ ಬೋಗಿ ತಯಾರಿಸುತ್ತಿದ್ದ ಜಾರ್ಜ್ ಪುಲ್ಮನ್ 1880ರಲ್ಲಿ ಈ ಊರು ಕಟ್ಟಲು ಶುರು ಮಾಡಿದ. ಆಗ ಅದು ಶಿಕಾಗೋದ ಹೊರಗಿತ್ತು, ನಗರಕ್ಕೆ ಸೇರಿದ್ದು 1889ರಲ್ಲಿ. ವಾಸ್ತುಶಿಲ್ಪಿ ಸೋಲನ್ ಬೀಮನ್‌ಗೆ ಆಗಿನ್ನೂ 26 ವರ್ಷ! ಇಟ್ಟಿಗೆಗೆ ಮಣ್ಣು ಪಕ್ಕದ ಕ್ಯಾಲುಮೆಟ್ ಕೆರೆಯದ್ದೇ.

ಸಾಲುಮನೆಯಲ್ಲಿ ದುಡ್ಡು ಉಳಿಯುವುದು ಪಕ್ಕದ ಗೋಡೆಯಲ್ಲಿ. ಎರಡು ಮನೆಗೂ ಒಂದೇ ಗೋಡೆ. ಮಹಡಿಯ ತೊಲೆಗಳನ್ನು ಈ ಗೋಡೆಯಿಂದ ಆ ಗೋಡೆಗೆ ಹಾಯಿಸಿದರೆ ಭಾರವೆಲ್ಲ ಅಕ್ಕಪಕ್ಕಕ್ಕೆ ಹೋಗುತ್ತೆ, ಮುಂದಿನ ಗೋಡೆ ಹಗುರಾಗುತ್ತೆ, ಕಿಟಕಿ ಎಲ್ಲಿ ಬೇಕಾದ್ರೂ ಇಡಬಹುದು. ಆದರೆ ಬೆಳಕು ಬರೋದು ಮುಂದಿನಿಂದ ಮತ್ತು ಹಿಂದಿನಿಂದ ಮಾತ್ರ, ನಡುಮನೆ ಕತ್ತಲು.

ಬೀಮನ್‌ನ ಜಾಣ್ಮೆ ಕಾಣೋದು ಬೀದಿಯಲ್ಲಿ ನಿಂತು ನೋಡಿದಾಗ. ಒಂದೇ ಅಚ್ಚಿನ ಮನೆಗಳನ್ನು ಉದ್ದಕ್ಕೆ ಇಟ್ಟರೆ ಬೇಜಾರು ಬರುತ್ತೆ, ಅದು ಅವನಿಗೆ ಗೊತ್ತಿತ್ತು. ಅದಕ್ಕೇ ಒಂದು ಕಡೆ ಗೋಡೆಯನ್ನು ತುಸು ಮುಂದೆ ತಂದ, ಇನ್ನೊಂದು ಕಡೆ ಮಾಡಿನ ಮುಂಭಾಗವನ್ನು ತ್ರಿಕೋನವಾಗಿ ಎತ್ತಿದ, ಕಿಟಕಿ ಮೇಲೆ ಕಮಾನು ಕೊಟ್ಟ. ಒಳಗೆ ಕೋಣೆಗಳು ಹೆಚ್ಚುಕಮ್ಮಿ ಒಂದೇ ಥರ ಇದ್ದರೂ ಹೊರಗಿನ ಸಾಲಿಗೆ ಒಂದು ಲಯ ಬಂತು. ಈ ಶೈಲಿಗೆ ಕ್ವೀನ್ ಆನ್ ಅಂತಾರೆ. ನನಗಂತೂ ದೊಡ್ಡ ಬಂಗಲೆಗಳಿಗಿಂತ ಇದೇ ಜಾಸ್ತಿ ಇಷ್ಟ, ಯಾಕಂದ್ರೆ ಬಾಡಿಗೆಯ ಪುಟ್ಟ ಮನೆಗೂ ಯಾರೋ ಕೂತು ಯೋಚನೆ ಮಾಡಿದ್ದಾರೆ.

ಇನ್ನೊಂದು ಗಮನಿಸಿ. ಯಾರು ಮೇಲಿನವರು, ಯಾರು ಕೆಳಗಿನವರು ಅಂತ ಮನೆಗಳೇ ಹೇಳಿಬಿಡುತ್ತವೆ. ಕಾರ್ಖಾನೆ ಎದುರಿಗೆ ಅಧಿಕಾರಿಗಳ ದೊಡ್ಡ ಮನೆ, ಸಾಮಾನ್ಯ ಕೆಲಸಗಾರರಿಗೆ ಚಿಕ್ಕದು.

ಪ್ರಶ್ನೆ: ಇಷ್ಟು ಚೆನ್ನಾಗಿದ್ದ ಊರಲ್ಲೇ ದೊಡ್ಡ ಮುಷ್ಕರ ಆಯಿತಂತಲ್ಲ, ಯಾಕೆ?

ಉತ್ತರ: ನಲ್ಲಿ ನೀರು, ಗ್ಯಾಸ್ ದೀಪ, ಚೊಕ್ಕಟ ಬೀದಿ ಎಲ್ಲ ಇತ್ತು, ಆದರೆ ಮನೆ ಕೊಳ್ಳೋ ಹಾಗಿರಲಿಲ್ಲ. ಎಲ್ಲವೂ ಕಂಪನಿಯದ್ದು. 1893ರಲ್ಲಿ ಆರ್ಥಿಕ ಕುಸಿತ ಬಂತು, ಕಂಪನಿ ಕೂಲಿ ಕಡಿಮೆ ಮಾಡಿತು, ಬಾಡಿಗೆ ಮಾತ್ರ ಇಳಿಸಲಿಲ್ಲ. ಇದು ಶುದ್ಧ ಅನ್ಯಾಯ. 1894ರ ಮೇನಲ್ಲಿ ಕೆಲಸಗಾರರು ಮುಷ್ಕರ ಹೂಡಿದರು, ಅವರಿಗೆ ಬೆಂಬಲವಾಗಿ ರೈಲ್ವೆ ನೌಕರರ ಸಂಘದವರು ಪುಲ್ಮನ್ ಬೋಗಿ ಇರುವ ರೈಲುಗಳ ಕೆಲಸ ಮಾಡಲ್ಲ ಅಂದರು, ದೇಶದ ಬಹುಭಾಗದಲ್ಲಿ ರೈಲು ಸಂಚಾರ ಅಸ್ತವ್ಯಸ್ತವಾಯಿತು, ಅಧ್ಯಕ್ಷ ಕ್ಲೀವ್‌ಲ್ಯಾಂಡ್ ಸೈನ್ಯ ಕಳಿಸಿದರು. 1898ರಲ್ಲಿ ಇಲಿನಾಯ್ ರಾಜ್ಯದ ಸುಪ್ರೀಂ ಕೋರ್ಟು, ಕಾರ್ಖಾನೆಗೆ ಬೇಡದ ಆಸ್ತಿಯನ್ನೆಲ್ಲ ಮಾರಿಬಿಡಿ ಎಂದು ಕಂಪನಿಗೆ ಹೇಳಿತು. ಆಮೇಲೆ ಮನೆಗಳು ಒಂದೊಂದಾಗಿ ಜನರ ಕೈಗೆ ಬಂದವು.

1960ರಲ್ಲಿ ಇಲ್ಲಿ ಕೈಗಾರಿಕಾ ಪ್ರದೇಶ ಮಾಡೋಣ, ಮನೆ ಕೆಡವೋಣ ಅನ್ನೋ ಮಾತು ಬಂತು. ಅದನ್ನು ತಡೆದದ್ದು ಅದೇ ಸಾಲುಮನೆಗಳಲ್ಲಿದ್ದ ಜನ, ಸಂಘ ಕಟ್ಟಿಕೊಂಡು. 2015ರಲ್ಲಿ ಸಿಕ್ಕ ರಾಷ್ಟ್ರೀಯ ಸ್ಮಾರಕದ ಪಟ್ಟಕ್ಕೂ, 2022ರಲ್ಲಿ ಅದರ ಬದಲು ಬಂದ ರಾಷ್ಟ್ರೀಯ ಐತಿಹಾಸಿಕ ಉದ್ಯಾನ ಅನ್ನೋ ಹೆಸರಿಗೂ ಬುನಾದಿ ಹಾಕಿದವರು ಅವರೇ.